ಮೂರನೆಯ ‘ಸಾಕು’

ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸಣ್ಣ ಸ್ಟೀಲಿನ ವಾಟಗ ಇದೆ. ವಾಟಗ ಅಂದರೆ ಬಟ್ಟಲು. ನಮ್ಮ ಕಡೆ ಹಾಗನ್ನುತ್ತೇವೆ. ಅಂಗೈಯಲ್ಲಿಟ್ಟರೆ ಬೆರಳು ಮಡಚಿ ಮುಚ್ಚಬಹುದು, ಅಷ್ಟೇ ಅದರ ಗಾತ್ರ. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ‘ಚಿ. ಸರೋಜಾ’ ಎಂದು ಹೆಸರು ಕೊರೆಸಿದ್ದಾರೆ. ಆ ಚಿರಂಜೀವಿಗೆ ಈಗ ಐವತ್ಮೂರು ವರ್ಷ. ತಲೆಗೆ ಬಣ್ಣ ಹಚ್ಚುತ್ತಾಳೆ, ಹುಬ್ಬಳ್ಳಿಯ ನವನಗರದ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇರುತ್ತಾಳೆ, ರಾಯಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಹಲ್ಲು ಬರುವ ಮೊದಲು ಯಾವ ವಾಟಗದಲ್ಲಿ ಗಂಜಿ ಕುಡಿದಿದ್ದಳೋ ಅದರಲ್ಲೇ ಇವತ್ತಿಗೂ ಊಟ ಮಾಡುತ್ತಾಳೆ.

ಇದರ ಹಿಂದೆ ಬಡತನವಿಲ್ಲ, ವ್ರತವೂ ಇಲ್ಲ. ಎಂಟು ವರ್ಷಗಳ ಹಿಂದೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ಹೊಟ್ಟೆಯ ಮೇಲ್ಭಾಗದಲ್ಲಿ ಲಿಂಬೆಹಣ್ಣಿನಷ್ಟು ಜಾಗ ಮಾತ್ರ ಉಳಿಸಿ, ಅದನ್ನು ಸೀದಾ ಕರುಳಿಗೆ ಜೋಡಿಸಿ ಕಳಿಸಿದರು. ಮನೆಗೆ ಹೊರಡುವ ದಿನ ಪಥ್ಯದ ಪಟ್ಟಿ ಬರೆದುಕೊಡುವ ಹುಡುಗಿ ಬಂದು, “ಮನ್ಯಾಗ ಎಲ್ಲಾಕ್ಕಿಂತ ಸಣ್ಣ ವಾಟಗಾ ಯಾವುದೈತಿ, ಅದನ್ನ ತಗೋರಿ ಟೀಚರ್. ಅದರಾಗ ಹಿಡಿಸಿದಷ್ಟ ನಿಮ್ಮ ಊಟ,” ಎಂದಳು. ಮನೆಗೆ ಬಂದು ಹುಡುಕಿದರೆ ನನ್ನಲ್ಲಿ ಸಣ್ಣ ವಾಟಗವೇ ಇಲ್ಲ! ನನ್ನ ಪಾತ್ರೆಗಳನ್ನು ನೋಡಿದವರು ಈ ಮನೆಯಲ್ಲಿ ಖಾನಾವಳಿ ನಡೆಯುತ್ತದೆ ಎಂದುಕೊಳ್ಳಬೇಕು. ಕೊನೆಗೆ ಅವ್ವನ ಟ್ರಂಕಿನ ತಳದಲ್ಲಿ, ನನ್ನದೇ ಹಳೆಯ ಕುಂಚಿಗೆಯ ಕೆಳಗೆ, ಇದು ಸಿಕ್ಕಿತು.

ಊಟ ಚಿಕ್ಕದಾದರೆ ಬೇಗ ಮುಗಿಯುತ್ತದೆ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಈ ಇಷ್ಟೇ ಇಷ್ಟು ಊಟಕ್ಕೆ ಅರ್ಧ ತಾಸು ಬೇಕು. ಮೊದಲು ಕಾಳು, ಬೇಳೆ, ಮೊಸರು. ಜಾಗ ಉಳಿದರೆ ರೊಟ್ಟಿ. ಒಂದೊಂದು ತುತ್ತನ್ನೂ ಹಿಟ್ಟಾಗುವ ತನಕ ಅಗಿಯಬೇಕು, ನಡುವೆ ನೀರು ಮುಟ್ಟಬಾರದು. ಅವಸರ ಮಾಡಿದಿರೋ, ತುತ್ತು ಎದೆಯ ಹಿಂದೆ ನಿಂತು ನಾನಿನ್ನು ಇಲ್ಲಿಂದ ಕದಲೆ ಎಂದು ಹಟ ಹಿಡಿಯುತ್ತದೆ. ಅದಕ್ಕೇ ಮೊಬೈಲಿನಲ್ಲಿ ಅರ್ಧ ತಾಸಿನ ಅಲಾರಾಂ ಇಟ್ಟುಕೊಂಡು, ಗೋಡೆಗೆ ಮುಖ ಮಾಡಿ ಕೂಡುತ್ತೇನೆ. ಗೋಡೆಯ ಮೇಲೆ ಒಂದು ಕಿರಾಣಿ ಅಂಗಡಿಯ ಕ್ಯಾಲೆಂಡರ್ ಇದೆ. ಅದರ ಎಲ್ಲ ಏಕಾದಶಿ, ಸಂಕಷ್ಟಿ, ಸರಕಾರಿ ರಜೆಗಳು ನನಗೆ ಬಾಯಿಪಾಠ. ಮಾತಾಡುವವರಿಲ್ಲದೆ ಅರ್ಧ ತಾಸು ಅಗಿಯುತ್ತ ಕೂಡುವುದು ಎಷ್ಟು ಉದ್ದದ ಕೆಲಸ ಎಂಬುದನ್ನು ಪಥ್ಯದ ಪಟ್ಟಿಯಲ್ಲಿ ಯಾರೂ ಬರೆದಿರಲಿಲ್ಲ.

ನಮ್ಮದು ಮೂಲತಃ ತೂಕ ಬಂದರೆ ಸಂತೋಷಪಡುವ ಮನೆತನ. ಅಪ್ಪನದು ಧಾರವಾಡದಲ್ಲಿ ಕಾಳುಕಡಿಯ ಅಂಗಡಿ. ಜೋಳದ ಚೀಲ ತೂಗುವ ದೊಡ್ಡ ತಕ್ಕಡಿಯ ಮೇಲೆ ಅಪ್ಪ ಆಗಾಗ ನನ್ನನ್ನು ನಿಲ್ಲಿಸುತ್ತಿದ್ದ. “ನೋಡ್ರೆಪಾ, ನಮ್ಮ ಸರೂ ಅರ್ಧ ಚೀಲ ಆದ್ಳು!” ಎಂದು ಹಮಾಲರಿಗೆಲ್ಲ ಸಾರುತ್ತಿದ್ದ. ಅವರು ನಗುತ್ತಿದ್ದರು. ನಾನು ಏನೋ ಗೆದ್ದವಳಂತೆ ಎರಡೂ ಕೈ ಮೇಲೆತ್ತುತ್ತಿದ್ದೆ. ತೂಕ ಹೆಚ್ಚಾಗುವುದು ಹೆಮ್ಮೆಯ ಸಂಗತಿಯಲ್ಲ ಎಂದು ನನಗೆ ತಿಳಿದದ್ದು ಸಾಲೆಗೆ ಹೋದ ಮೇಲೆಯೇ. ಓಟದ ಸ್ಪರ್ಧೆಯಲ್ಲಿ ನನ್ನನ್ನು ಗುರಿಯ ಗೆರೆ ಹಿಡಿಯಲು ನಿಲ್ಲಿಸುತ್ತಿದ್ದರು.

ಅವ್ವನಿಗೆ ದಮ್ಮಿನ ಕಾಯಿಲೆ. ಹೊಗೆ ಕಂಡರೆ ಆಗುತ್ತಿರಲಿಲ್ಲ. ಹೀಗಾಗಿ ನನಗಿಂತ ಹತ್ತು ವರ್ಷ ದೊಡ್ಡವಳಾದ ಗಿರಿಜಕ್ಕ ಹನ್ನೆರಡನೆಯ ವಯಸ್ಸಿಗೇ ಒಲೆಯ ಮುಂದೆ ಕೂತಳು. ಅದಕ್ಕೂ ಮೊದಲು ಇದೇ ವಾಟಗ ಹಿಡಿದು ನನ್ನ ಬಾಯಿಗೆ ಗಂಜಿ ಹಾಕಿದವಳೂ ಅವಳೇ. ಅವಳು ರೊಟ್ಟಿ ಬಡಿಯುವ ಸದ್ದಿಗೇ ನಾನು ಬೆಳಿಗ್ಗೆ ಏಳುತ್ತಿದ್ದದ್ದು. ಮನೆಮಂದಿಗೆಲ್ಲ ಆದ ಮೇಲೆ ಪರಾತದ ಅಂಚಿಗೆ ಹತ್ತಿದ ಹಿಟ್ಟನ್ನೆಲ್ಲ ಕೂಡಿಸಿ ಅಂಗೈಯಗಲದ ಒಂದು ರೊಟ್ಟಿ ಬಡಿಯುತ್ತಿದ್ದಳು. ಅದು ನನ್ನದು. ಬಿಸಿ ಇರುವಾಗಲೇ ಬೆಣ್ಣೆ ಸವರಿ, ಚಟ್ನಿಪುಡಿ ಉದುರಿಸಿ, ಸುತ್ತಿ ಕೈಗೆ ಕೊಡುತ್ತಿದ್ದಳು. ಆ ಸಣ್ಣ ರೊಟ್ಟಿಗಿಂತ ಮೊದಲು ನಾನು ಮೂರು ದೊಡ್ಡ ರೊಟ್ಟಿ ಮುಗಿಸಿರುತ್ತಿದ್ದೆ ಎಂಬ ಮಾತು ಬೇರೆ.

ನಮ್ಮ ಕಡೆ ಬಡಿಸುವುದಕ್ಕೂ ಉಣ್ಣುವುದಕ್ಕೂ ಒಂದು ಕಟ್ಟಳೆ ಇದೆ, ನಿಮಗೆ ಗೊತ್ತಿರುವುದೇ. ಬಡಿಸುವವರು “ಇನ್ನೊಂದು” ಎನ್ನಬೇಕು. ಉಣ್ಣುವವರು “ಸಾಕು” ಎನ್ನಬೇಕು. ಮೊದಲನೆಯ ಸಾಕು ಬರೀ ಮರ್ಯಾದೆಗೆ. ಅದನ್ನು ನಂಬಿ ಮುಂದೆ ಹೋದವರನ್ನು ಊರು ಜಿಪುಣರೆಂದು ಕರೆಯುತ್ತದೆ. ಎರಡನೆಯ ಸಾಕನ್ನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಹೇಳಬೇಕು; ಆಗ ಅವರು ಆಣೆ ಹಾಕಿ, ಬೆರಳ ಸಂದಿಯಲ್ಲೇ ಹೋಳಿಗೆ ತೂರಿಸುತ್ತಾರೆ. ಮೂರನೆಯದು ಮಾತ್ರ ಖರೆಯ ಸಾಕು. ನಾನು ಹುಟ್ಟಿದ್ದೇ ಮೊದಲನೆಯ ಸಾಕಿನವಳಾಗಿ. ಮೂರನೆಯದರ ತನಕ ಹೋದ ನೆನಪೇ ನನಗಿಲ್ಲ. ಗಿರಿಜಕ್ಕ ಮದುವೆಯಾಗಿ ಧಾರವಾಡದಲ್ಲೇ ಎರಡು ಓಣಿ ಆಚೆ ಹೋದ ಮೇಲೂ ಹಬ್ಬದ ಊಟ ಅವಳ ಮನೆಯಲ್ಲೇ. ಅವಳು ಹತ್ತು ಸಲ ಬಡಿಸುವಳು, ಕೊನೆಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸರೂ, ಬಾಳ ದಪ್ಪ ಆಗಾಕತ್ತೀ ನೋಡು,” ಎಂದು ಬಯ್ಯುವಳು. ಎರಡೂ ಪ್ರೀತಿಯೇ.

ಹೆಣ್ಣು ನೋಡಲು ಬಂದವರ ಕಥೆ ಉದ್ದ. ಬಂದವರೆಲ್ಲ ಉಪ್ಪಿಟ್ಟು ತಿಂದು, “ಉಪ್ಪಿಟ್ಟು ಛಲೋ ಆಗೇತ್ರಿ,” ಎಂದು ಹೋದರು. ಉಪ್ಪಿಟ್ಟನ್ನು ಅಷ್ಟೊಂದು ವರರು ಒಪ್ಪಿದ್ದನ್ನು ನೆನೆದು ನಾನೂ ಅಕ್ಕನೂ ಆಮೇಲೆ ಎಷ್ಟೋ ಸಲ ನಕ್ಕಿದ್ದೇವೆ. ನಕ್ಕ ಮೇಲೆ ನಾನು ಸ್ವಲ್ಪ ಅತ್ತದ್ದೂ ಉಂಟು, ಅದು ಅವಳಿಗೆ ಗೊತ್ತಿಲ್ಲ. ನಲವತ್ತೈದಕ್ಕೆ ಬರುವಷ್ಟರಲ್ಲಿ ನನ್ನ ತೂಕ ನೂರಾ ಹದಿನೆಂಟು ಕಿಲೋ. ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಕೈಕೊಟ್ಟವು, ಮಲಗಿದರೆ ಉಸಿರು ಕಟ್ಟತೊಡಗಿತು. ಡಾಕ್ಟರು ಆಪರೇಷನ್ ಎಂದರು. ಅಕ್ಕ ಮಾತ್ರ ಸುತರಾಂ ಒಪ್ಪಲಿಲ್ಲ. “ಉಣ್ಣೋದು ಕಡಿಮಿ ಮಾಡಿದ್ರ ಆತಲ್ಲ, ಹೊಟ್ಟಿ ಯಾಕ ಕೊಯ್ಸ್ಕೋಬೇಕ?” ಎಂದಳು. ಉಣ್ಣುವುದನ್ನು ಕಡಿಮೆ ಮಾಡಲು ನನಗೆ ಒಂದು ದಿನವೂ ಬಿಡದವಳ ಬಾಯಲ್ಲಿ ಆ ಮಾತು ಕೇಳಿ ನನಗೆ ನಗು ಬಂತು.

ಆಪರೇಷನ್ ಆಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಒಳ್ಳೆಯದೇ ಆಯಿತು. ಒಂದೂವರೆ ವರ್ಷದಲ್ಲಿ ಐವತ್ತು ಕಿಲೋ ಇಳಿದೆ. ಸಕ್ಕರೆಯ ಗುಳಿಗೆ ನಿಂತವು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೊದಲ ಸಲ ನನ್ನ ಪಕ್ಕ ಪೂರ್ತಿ ಕೂತರು. ಸಾಲೆಯ ಮೆಟ್ಟಿಲನ್ನು ನಿಲ್ಲದೆ ಹತ್ತಿದ ದಿನ ಮೇಲೆ ಹೋಗಿ ಕೆಳಗಿಳಿದು ಮತ್ತೊಮ್ಮೆ ಹತ್ತಿದೆ. ಆಮೇಲೆ ಬಾಚಣಿಗೆಗೆ ಕೂದಲು ಹೊರೆಹೊರೆಯಾಗಿ ಬಂದವು, ಮತ್ತೆ ಹುಟ್ಟಿದವು. ರಟ್ಟೆಯ ಚರ್ಮ ಮಾತ್ರ ಹಳೆಯ ಅಳತೆಯಲ್ಲೇ ಉಳಿದು, ನಾನು ಬೋರ್ಡಿನ ಮೇಲೆ ಬರೆದು ನಿಲ್ಲಿಸಿದರೂ ಅದು ಇನ್ನೂ ಸ್ವಲ್ಪ ಹೊತ್ತು ಬರೆಯುತ್ತಿತ್ತು. ಓಣಿಯವರು ದನಿ ತಗ್ಗಿಸಿ, “ಯಾಕ್ರಿ ಟೀಚರ್, ಆರಾಮ ಇಲ್ಲೇನ್ರಿ?” ಎಂದು ಕೇಳುತ್ತಿದ್ದರು. ದಪ್ಪ ಇದ್ದಾಗ ಯಾರೂ ನನ್ನ ಆರಾಮ ಕೇಳಿರಲಿಲ್ಲ.

ಹಾಗೆ ನಡೆದಿರುವಾಗ ಹೋಳಿ ಹುಣ್ಣಿಮೆ ಬಂತು. ಆಪರೇಷನ್ ಆಗಿ ಎಂಟು ತಿಂಗಳು. ಅಕ್ಕನ ಮನೆಗೆ ಹೋದೆ, ಈ ವಾಟಗವನ್ನು ಚೀಲದಲ್ಲಿ ಹಾಕಿಕೊಂಡೇ. ಅವಳು ನನ್ನೆದುರಿಗೆ ಹೋಳಿಗೆಯ ತಾಟು ಹಿಡಿದು ನಿಂತಳು.

“ಸಾಕಕ್ಕಾ.”

“ಹಬ್ಬದ ದಿನ ಹಿಂಗ ವಾಟಗಾ ಹಿಡ್ಕೊಂಡು ಕುಂತ್ರ ನನಗರ ತುತ್ತು ಹೆಂಗ ಇಳೀಬೇಕ? ಒಂದ ಹೋಳಗಿ.”

“ಸಾಕಂದ್ನೆಲ್ಲ.”

“ನನ್ನ ಆಣಿ ಐತಿ ನಿನಗ.”

ಮೂರನೆಯ ಸಾಕು ನನ್ನ ಬಾಯಲ್ಲೇ ಇತ್ತು. ಹೇಳಲಿಲ್ಲ. ಹೋಳಿಗೆಯ ಮೇಲೆ ತುಪ್ಪ ಹರಿಯುತ್ತಿತ್ತು, ಏಲಕ್ಕಿಯ ವಾಸನೆ ಬರುತ್ತಿತ್ತು, ಅವಳೇ ಮುರಿದು ಬಾಯಿಗೆ ಹಿಡಿದಿದ್ದಳು. ಒಂದಲ್ಲ, ಒಂದೂವರೆ ತಿಂದೆ. ಕಾಲು ತಾಸೂ ಆಗಿರಲಿಲ್ಲ, ಎದೆ ಹೊಡೆದುಕೊಳ್ಳತೊಡಗಿತು, ಮೈಯೆಲ್ಲ ಬೆವರಿಳಿಯಿತು, ಹೊಟ್ಟೆ ಹಿಂಡಿತು, ಕಣ್ಣಿಗೆ ಕತ್ತಲೆ ಬಂದು ಪಡಸಾಲೆಯಲ್ಲೇ ಉರುಳಿದೆ. ಅಕ್ಕನ ಗಂಡ ಓಡಿಹೋಗಿ ಆಟೋ ತಂದರು. ಆಟೋದಲ್ಲಿ ಅಕ್ಕ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಆಗ ನಾನು ಅವಳಿಗೆ ಒಂದು ಮಾತು ಅಂದೆ.

“ಸಣ್ಣಾಕಿದ್ದಾಗಿಂದ ತಿನ್ನಿಸಿ ತಿನ್ನಿಸಿ ನನ್ನ ಹಿಂಗ ಮಾಡಿದಾಕಿ ನೀನ. ಈಗ ಕೊಲ್ಲಾಕತ್ತೀ.”

ಆಟೋದವನೂ ಒಮ್ಮೆ ತಿರುಗಿ ನೋಡಿದ.

ಜೀವಕ್ಕೆ ಏನೂ ಆಗಲಿಲ್ಲ. “ಸಿಹಿ ಒಮ್ಮಿಗೇನ ಕರುಳಿಗೆ ಇಳದೈತ್ರಿ, ಅದಕ್ಕ ಹಿಂಗ. ಈ ಆಪರೇಷನ್ ಆದವರಿಗೆ ಆಗತೈತಿ, ತಾಸಿನ್ಯಾಗ ಇಳೀತೈತಿ,” ಎಂದರು ಡಾಕ್ಟರು. ತಾಸಿನಲ್ಲಿ ನನ್ನ ಎದೆಬಡಿತ ಇಳಿಯಿತು. ನಾನಂದ ಮಾತು ಮಾತ್ರ ಇಳಿಯಲಿಲ್ಲ. ಮರುದಿನ ಫೋನ್ ಮಾಡಿ ತಪ್ಪಾಯಿತು ಎನ್ನಬಹುದಿತ್ತು. ಅವಳೇ ಮಾಡಲಿ ಎಂದು ಕೂತೆ. ಒತ್ತಾಯ ಮಾಡಿದವಳು ಅವಳು, ತಪ್ಪು ಅವಳದೇ ಎಂದು ನನಗೆ ನಾನೇ ಪಾಠ ಮಾಡಿಕೊಂಡೆ. ಪಾಠ ಮಾಡುವುದು ನನ್ನ ಕಸುಬು ನೋಡಿ.

ಅಂದಿನಿಂದ ಗಿರಿಜಕ್ಕ ನನಗೆ ಬಡಿಸಲಿಲ್ಲ. ಜಗಳವಿಲ್ಲ, ಮಾತು ಬಿಟ್ಟಿಲ್ಲ, ಹೋದರೆ ಬಾ ಅನ್ನುತ್ತಾಳೆ. ಆದರೆ, “ನೀ ಬರೂದ್ರಾಗ ನಮ್ದು ಊಟ ಆತವಾ. ಚಾ ಕುಡೀತಿ? ಸಕ್ರಿ ಹಾಕಾಂಗಿಲ್ಲ,” ಎನ್ನುತ್ತಾಳೆ. ಹಬ್ಬದ ದಿನ ಹನ್ನೊಂದು ಗಂಟೆಗೇ ಹೋಗಿ ನೋಡಿದೆ. ಆಗಲೂ ಊಟ ಆಗಿತ್ತು. ಹೋಳಿಗೆಯ ತಾಟಿನ ಮೇಲೆ ಬಟ್ಟೆ ಮುಚ್ಚಿ, ಅದನ್ನು ಕಪಾಟಿನಲ್ಲಿಟ್ಟು, ಬಾಗಿಲು ಹಾಕಿದ್ದಳು. ವಾಸನೆಗೆ ಮಾತ್ರ ಬಾಗಿಲು ಹಾಕಲು ಬರುವುದಿಲ್ಲ. ನಾನು ಸಕ್ಕರೆಯಿಲ್ಲದ ಚಹಾ ಕುಡಿದು ಬಸ್ಸು ಹಿಡಿದೆ. ವರ್ಷ ಕಳೆದಂತೆ ಹಬ್ಬಕ್ಕೆ ಹೋಗುವುದನ್ನೂ ಬಿಟ್ಟೆ.

ಉಳಿದವರೂ ಹಾಗೇ. ಸಾಲೆಯಲ್ಲಿ ಟೀಚರುಗಳೆಲ್ಲ ಡಬ್ಬಿ ಬಿಚ್ಚಿ ಹಂಚಿಕೊಂಡು ಹತ್ತು ನಿಮಿಷಕ್ಕೆ ಉಂಡು ಎದ್ದುಬಿಡುತ್ತಾರೆ. ಗಂಟೆ ಬಾರಿಸಿದಾಗ ನಾನು ಐದನೆಯ ತುತ್ತಿನಲ್ಲಿರುತ್ತೇನೆ. ಮದುವೆಗೆ ಹೋದರೆ ಪಂಕ್ತಿ ಏಳುವಷ್ಟರಲ್ಲಿ ನನ್ನ ಎಲೆಯಲ್ಲಿ ಎಲ್ಲವೂ ಇದ್ದಂತೆಯೇ ಇರುತ್ತದೆ, ಎಲೆ ಎತ್ತುವವರು ಬಂದು ಮುಖ ನೋಡುತ್ತ ನಿಲ್ಲುತ್ತಾರೆ. ಅದಕ್ಕೇ ಈಗ ಅಕ್ಷತೆ ಹಾಕಿ ಬಂದುಬಿಡುತ್ತೇನೆ. “ಊಟ ಮಾಡ್ಕೊಂಡ ಹೋಗ್ರಿ,” ಎಂದು ಯಾರಾದರೂ ಅನ್ನುತ್ತಾರೆ. “ಸಾಕ್ರಿ,” ಅನ್ನುತ್ತೇನೆ. “ಆತ್ರಿ,” ಎಂದು ಆ ಕಡೆ ತಿರುಗುತ್ತಾರೆ. ಎಲ್ಲರಿಗೂ ಗೊತ್ತು, ಟೀಚರಿಗೆ ಆಪರೇಷನ್ ಆಗಿದೆ. ನಲವತ್ತೈದು ವರ್ಷ ಯಾರೂ ನಂಬದಿದ್ದ ನನ್ನ ಸಾಕನ್ನು ಈಗ ಒಂದೇ ಸಲಕ್ಕೆ ಎಲ್ಲರೂ ನಂಬುತ್ತಾರೆ. ನನಗೆ ಹಸಿವಿರಲಿಲ್ಲ, ಅದು ಖರೆ. ಆದರೂ ಯಾರಾದರೂ ಇನ್ನೊಮ್ಮೆ ಕೇಳಲಿ ಎಂದು ಛತ್ರದ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ ನಿಂತದ್ದಿದೆ. ಚಪ್ಪಲಿ ಕಾಲಲ್ಲೇ ಇರುತ್ತಿದ್ದವು.

ಈ ಆಪರೇಷನ್ ಆದವರು ತಿಂಗಳಿಗೊಂದು ಬಿ-ಹನ್ನೆರಡರ ಇಂಜೆಕ್ಷನ್, ದಿನಾ ಒಂದು ಹೊತ್ತಿಗೆ ಕಬ್ಬಿಣದ ಗುಳಿಗೆ, ಇನ್ನೊಂದು ಹೊತ್ತಿಗೆ ಕ್ಯಾಲ್ಸಿಯಂ ಗುಳಿಗೆ ಎಂದು ಬದುಕಿರುವ ತನಕ ತೆಗೆದುಕೊಳ್ಳಬೇಕು. ತಿಂದದ್ದರ ಸತ್ವವೆಲ್ಲ ಮೊದಲಿನಂತೆ ಮೈಗೆ ಹತ್ತುವುದಿಲ್ಲ. ಐದಾರು ವರ್ಷ ಸರಿಯಾಗಿ ತೆಗೆದುಕೊಂಡೆ. ಆಮೇಲೆ ಒಂದು ತಿಂಗಳು ತಪ್ಪಿತು. ಏನೂ ಆಗಲಿಲ್ಲ. ಇನ್ನೊಂದು ತಪ್ಪಿತು. ಹೀಗೇ ಎರಡು ವರ್ಷ. ಪ್ರತಿ ವರ್ಷ ಎಂಟನೆಯ ತರಗತಿಗೆ ಜೀವಸತ್ವಗಳ ಕೊರತೆಯ ಪಾಠವನ್ನು ಚಿತ್ರ ಬರೆದು ಕಲಿಸುವವಳು ನಾನೇ! ಯಾಕೆ ಬಿಟ್ಟೆ ಎಂದರೆ ದೊಡ್ಡ ಕಾರಣವಿಲ್ಲ. ತಗೊಂಡಿಯೇನು ಎಂದು ಕೇಳುವವರಿರಲಿಲ್ಲ.

ಅಂಗಾಲಿನಲ್ಲಿ ಇರುವೆ ಹರಿದಾಡಿದಂತೆ ಆಗುತ್ತಿತ್ತು. ಕಾಲುಚೀಲ ಹಾಕದಿದ್ದರೂ ಹಾಕಿದಂತಿತ್ತು. ಚಪ್ಪಲಿ ಯಾವಾಗಲೋ ಕಳಚಿದ್ದು ತಿಳಿಯುತ್ತಿರಲಿಲ್ಲ. ಕಳೆದ ಜುಲೈಯಲ್ಲಿ ಸಾಲೆಯ ಮೆಟ್ಟಿಲಿನ ಮೇಲೆ ಕಾಲು ಎಲ್ಲಿಟ್ಟೆ ಎಂದು ಗೊತ್ತಾಗದೆ ಬಿದ್ದೆ; ಎರಡೆರಡು ಸಲ ಹತ್ತಿದ್ದೆನಲ್ಲ, ಅದೇ ಮೆಟ್ಟಿಲು. ಆಪರೇಷನ್ ಆದ ಆಸ್ಪತ್ರೆಗೇ ಹೋದೆ. ರಕ್ತ ಪರೀಕ್ಷೆಯ ಕಾಗದ ನೋಡಿ ಅಲ್ಲಿಯ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು.

“ಆಪರೇಷನ್ ನಾವು ಮಾಡಿದ್ದು ಎರಡ ತಾಸ್ರಿ. ಉಳಿದದ್ದು ನಿಮ್ಮ ಕೆಲಸ, ಅದೂ ಇರೋತನಕ. ಈಗ ನರಕ್ಕ ಪೆಟ್ಟಾಗೇತಿ. ಇಂಜೆಕ್ಷನ್ ಸುರು ಮಾಡೂಣು, ಬಾಳಷ್ಟು ಸುಧಾರಸ್ತೈತಿ. ಪೂರಾ ಅಂತ ನಾ ಹೇಳಾಂಗಿಲ್ಲ.” ಆಮೇಲೆ ಕೇಳಿದರು, “ಜೋಡಿ ಯಾರ ಅದಾರ್ರಿ ಮನ್ಯಾಗ?”

“ಒಂದ ವಾಟಗಾ ಐತ್ರಿ,” ಎಂದೆ. ಅವರು ನಗಲಿಲ್ಲ. ಕಾಗದ ಮುಂದೆ ಸರಿಸಿ ಯಾರದಾದರೂ ನಂಬರು ಬರೆಯಿರಿ ಎಂದರು. ನನಗೆ ಬಾಯಿಪಾಠ ಇದ್ದ ನಂಬರು ಒಂದೇ.

ಮುಂದಿನ ಭಾನುವಾರ ಮಧ್ಯಾಹ್ನ ಗಿರಿಜಕ್ಕ ಬಂದಳು. ಅರವತ್ಮೂರು ವರ್ಷ, ಅವಳ ಮೊಣಕಾಲೂ ಈಗ ನೆಟ್ಟಗಿಲ್ಲ. ಧಾರವಾಡದಿಂದ ಬಸ್ಸಿನಲ್ಲಿ, ಕೈಯಲ್ಲಿ ಚೀಲ ಹಿಡಿದು, ಸ್ಟಾಪಿನಿಂದ ಕುಂಟುತ್ತ ಬಂದಿದ್ದಳು. ಕೂಡಲೂ ಇಲ್ಲ.

“ಎರಡ ವರ್ಷ ಸೂಜಿ ಬಿಟ್ಟಿದ್ದಿಯಂತ.”

“ಹೂಂ.”

“ಡಾಕ್ಟರಬಾಯಿ ಫೋನ್ ಮಾಡಿದ್ರು. ಪರಾಯಿಯವರು ಹೇಳಬೇಕಾತು ನನಗ.”

ಅಷ್ಟೇ ಅಂದು ಅಡುಗೆಮನೆಗೆ ಹೋದಳು. ಚೀಲದಿಂದ ಜೋಳದ ಹಿಟ್ಟು ತೆಗೆದಳು, ಒಂದು ಡಬ್ಬಿಯಲ್ಲಿ ಮಡಕಿಕಾಳಿನ ಪಲ್ಯ ತಂದಿದ್ದಳು. ಎಸರಿಗೆ ಇಟ್ಟಳು. ಕಟ್ಟೆಯ ಮೇಲಿನ ವಾಟಗವನ್ನು ನೋಡಿ ಕೈಗೆತ್ತಿಕೊಂಡು, ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದಳು. ಹಿಟ್ಟು ನಾದಿ ಬಡಿಯತೊಡಗಿದಳು. ಎಂಟು ವರ್ಷದಿಂದ ಆ ಅಡುಗೆಮನೆಯಲ್ಲಿ ಆ ಸದ್ದು ಆಗಿರಲಿಲ್ಲ. ಒಬ್ಬಳಿಗಾಗಿ ನಾನು ಅಂಗಡಿಯ ರೊಟ್ಟಿ ತರುತ್ತಿದ್ದೆ. ಅವಳ ಬೆನ್ನು ನನ್ನ ಕಡೆಗಿತ್ತು. ಮುಖ ಕಂಡಿದ್ದರೆ ನಾನು ಹೇಳುತ್ತಿರಲಿಲ್ಲ.

“ಅಕ್ಕಾ, ಅವತ್ತ ಆಟೋದಾಗ ನಾ ಹಂಗ ಅನಬಾರದಿತ್ತು.”

ಬಡಿಯುವ ಸದ್ದು ನಿಂತಿತು.

“ಅಂದದ್ರಾಗ ಸುಳ್ಳೇನಿತ್ತ ಸರೂ? ತಿನ್ನಿಸಿದಾಕಿ ನಾನ ಅಲ್ಲೇನ? ಅವತ್ತಿಂದ ನಿನಗ ಬಡಸಾಕ ನನಗ ಕೈನ ಬರಲಿಲ್ಲ.”

“ಸುಳ್ಳ ಇತ್ತಕ್ಕಾ. ಹಸಿವಿ ನಂದಿತ್ತು. ನೀ ಬಡಿಸಿದಿ, ಅಷ್ಟ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, “ಹಂಚು ಕಾದೈತಿ, ತಡಿ,” ಎಂದಳು. ಸದ್ದು ಮತ್ತೆ ಸುರುವಾಯಿತು. ತನಗೆ ಎರಡು ರೊಟ್ಟಿ ಮಾಡಿಕೊಂಡು, ಪರಾತದ ಅಂಚಿನ ಹಿಟ್ಟು ಕೂಡಿಸಿ ಅಂಗೈಯಗಲದ ಒಂದು ಬಡಿದಳು.

ನನ್ನ ಸಣ್ಣ ಟೇಬಲ್ಲಿಗೆ ಇಬ್ಬರೂ ಕೂತೆವು. ಅವಳು ಗೋಡೆಯ ಕಡೆಯ ಕುರ್ಚಿಯಲ್ಲಿ ಕೂತಳು, ಕ್ಯಾಲೆಂಡರು ಅವಳ ಹಿಂದೆ ಮರೆಯಾಯಿತು. “ಮೊದ್ಲ ಕಾಳು, ಆಮ್ಯಾಲೆ ರೊಟ್ಟಿ. ಡಾಕ್ಟರಬಾಯಿನ್ನ ಎಲ್ಲಾ ಕೇಳೇನಿ,” ಎಂದು ವಾಟಗಕ್ಕೆ ಪಲ್ಯ ಹಾಕಿದಳು. ನಾನು ಅಲಾರಾಂ ಇಡುವುದನ್ನು ಮರೆತೆ. ಅಕ್ಕ ಯಾವಾಗಲೂ ಲಗುಬಗೆಯಿಂದ ಉಣ್ಣುವವಳು, ಹತ್ತು ನಿಮಿಷಕ್ಕೆ ಅವಳ ತಾಟು ಖಾಲಿಯಾಯಿತು. ಏಳುತ್ತಾಳೆ ಎಂದುಕೊಂಡೆ. ಏಳಲಿಲ್ಲ. ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯುವ ತನಕ ಉಳಿದವರು ಏಳಬಾರದು ಎಂದು ನಮಗೆ ಅವ್ವ ಕಲಿಸಿದ್ದಳು. ಎಂಜಲುಗೈ ತಾಟಿನ ಮೇಲೆ ಹಿಡಿದುಕೊಂಡು, ಉಪ್ಪಿಟ್ಟು ತಿಂದು ಹೋದ ಒಬ್ಬೊಬ್ಬ ವರನ ಹೆಸರನ್ನೂ ನೆನಪು ಮಾಡಿಕೊಂಡು ಹೇಳುತ್ತ ಕೂತಳು. ನನ್ನ ಅರ್ಧ ತಾಸು ಆಗುವಷ್ಟರಲ್ಲಿ ಅವಳ ಕೈ ಒಣಗಿ, ಬೆರಳ ಮೇಲೆ ಪಲ್ಯ ಹತ್ತಿಕೊಂಡಿತ್ತು.

ನನ್ನ ಸಣ್ಣ ರೊಟ್ಟಿಯಲ್ಲಿ ಒಂದು ಚೂರು ಉಳಿಯಿತು. ಅವಳು ಅದನ್ನು ಎತ್ತಿ ನನ್ನ ಬಾಯಿಯ ಹತ್ತಿರ ಹಿಡಿದಳು.

“ಇದೊಂದು.”

“ಸಾಕಕ್ಕಾ.”

“ಇಷ್ಟ ಐತಿ ನೋಡು.”

“ಸಾಕು.”

ಅವಳು ಕೈ ಹಿಂದೆ ತೆಗೆಯಲಿಲ್ಲ. ನನ್ನ ಮುಖ ನೋಡಿದಳು. “ಖರೇನ?”

“ಖರೇನ ಸಾಕಕ್ಕಾ,” ಎಂದೆ.

“ಹಂಗಾರ ಇದು ನಂದು,” ಎಂದು ಅವಳು ಆ ಚೂರನ್ನು ತನ್ನ ಬಾಯಿಗೆ ಹಾಕಿಕೊಂಡಳು. ನನ್ನ ಹಾಗೆಯೇ ನಿಧಾನವಾಗಿ, ಹಿಟ್ಟಾಗುವ ತನಕ ಅಗಿದಳು. ಆಮೇಲೆ ನಾವಿಬ್ಬರೂ ಕೂಡಿ ಎದ್ದು ಕೈ ತೊಳೆದೆವು.